ನಲವತ್ತರ ಎಣ್ಣೆ, ಐವತ್ತರ ಎಣ್ಣೆ

ನನ್ನ ಹೆಸರಿನಲ್ಲಿ ಇವತ್ತಿನವರೆಗೂ ಒಂದು ಕಾರಿಲ್ಲ. ಸ್ಕೂಟರ್ ಕೂಡ ಇದ್ದದ್ದು ಸ್ವಲ್ಪ ಕಾಲ. ಅದೂ ನನ್ನ ಜೊತೆ ಬಾಳಲಾರದೆ ಬೇರೆ ಮನೆ ಸೇರಿತು. ಆದರೂ ಯಾರಾದರೂ ಎಂಜಿನ್ ಆಯಿಲ್ ಮಾತು ತೆಗೆದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲೆ ಹುಳಿ ಆರುತ್ತಿದ್ದರೂ ಲೆಕ್ಕಿಸದೆ, ಮಂದ ಎಣ್ಣೆ ಯಾವಾಗ ಹಾಕಬೇಕು, ತೆಳು ಎಣ್ಣೆ ಯಾವಾಗ ಹಾಕಬೇಕು ಎಂದು ಪಕ್ಕದವರಿಗೆ ವಿವರಿಸಿದ್ದೇನೆ. ಅವರು ಗೌರವದಿಂದ "ತಾವು ಆಟೋಮೊಬೈಲ್ ಲೈನಾ ಸಾರ್?" ಎನ್ನುತ್ತಾರೆ. "ಇಲ್ಲ, ಹಳಗನ್ನಡ" ಎನ್ನುತ್ತೇನೆ. ಆಮೇಲೆ ಅವರು ಪಾಯಸದ ಕಡೆ ತಿರುಗುತ್ತಾರೆ.

ಈ ನಿರುಪಯೋಗಿ ಪಾಂಡಿತ್ಯವೆಲ್ಲ ನನಗೆ ಬಂದದ್ದು ಜಯನಗರದ ನಮ್ಮ ಅಕ್ಕನ ಮನೆಯಿಂದ. ಎಂಬತ್ತರ ದಶಕದ ಶುರುವಿನಲ್ಲಿ ಬನಶಂಕರಿಯ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿ, ಮದುವೆಯಾಗುವ ತನಕ ಅಕ್ಕನ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿದ್ದೆ. ಅಕ್ಕ ಗಿರಿಜಾ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಭಾವ ಮಲ್ಲಿಕಾರ್ಜುನ ಒಂದು ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರು. ಭಾವನ ತಾಯಿ ಗೌರಮ್ಮನವರು ಮನೆಗೆ ಹಿರಿಯರು. ಇನ್ನೊಬ್ಬ ಸದಸ್ಯ ಕಾರು. ಅದನ್ನು ಸದಸ್ಯ ಅನ್ನದೆ ಬೇರೆ ದಾರಿಯಿಲ್ಲ, ಏಕೆಂದರೆ ಆ ಮನೆಯಲ್ಲಿ ನನಗಿಂತ ಒಳ್ಳೆಯ ಕೋಣೆ ಅದಕ್ಕಿತ್ತು.

ಆಗ ರಸ್ತೆಯಲ್ಲಿ ಕಾಣುತ್ತಿದ್ದದ್ದೇ ಮೂರು ಥರದ ಕಾರು. ಭಾವನದು ಆ ಮೂರರಲ್ಲಿ ತೀರ ಚಿಕ್ಕದು, ಎರಡೇ ಬಾಗಿಲಿನದು. ಹೊರಗಿನಿಂದ ನೋಡಿದರೆ ತರಕಾರಿ ತರಲು ಹೊರಟ ಗೃಹಸ್ಥನ ಕಾರು. ಬಾನೆಟ್ ಎತ್ತಿದರೆ ಕಥೆ ಬೇರೆ. ಒಂದು ಕಾರ್ಬುರೇಟರ್ ಇರಬೇಕಾದ ಕಡೆ ಎರಡು. ಎಂಜಿನ್ನಿನ ಒಳಗಿನ ಭಾಗಗಳನ್ನೆಲ್ಲ ಭಾವ ತಾವೇ ಉಜ್ಜಿ, ತೂಗಿ, ಹದ ಮಾಡಿ ಕೂರಿಸಿದ್ದರು. ತೂಕ ಕಡಿಮೆಯಾಗಲಿ ಅಂತ ಹಿಂದಿನ ಸೀಟನ್ನು ಕಿತ್ತುಹಾಕಿದ್ದರು. ಎಲ್ಲಾದರೂ ಹೋಗಬೇಕಾದಾಗ ನಾನು ಆ ಖಾಲಿ ಜಾಗದಲ್ಲಿ, ಮಡಿಸಿದ ಜಮಖಾನದ ಮೇಲೆ, ಸ್ಪ್ಯಾನರುಗಳ ಪೆಟ್ಟಿಗೆ ತಬ್ಬಿಕೊಂಡು ಕೂರುತ್ತಿದ್ದೆ. ತೂಕ ಇಳಿಸಿದ ಕಾರಿಗೆ ತೂಕವಾಗಿ ನಾನಿದ್ದೆ.

ಇಷ್ಟೆಲ್ಲ ಯಾಕೆ ಅಂದರೆ, ಮದರಾಸಿನ ಹತ್ತಿರ ಯುದ್ಧದ ಕಾಲದ ಹಳೆಯ ವಿಮಾನದ ರನ್‌ವೇ ಒಂದಿತ್ತು. ವಿಮಾನಗಳು ಬಿಟ್ಟುಹೋದ ಜಾಗದಲ್ಲಿ ಪೀಪಾಯಿ, ಹಳೇ ಟೈರು ಜೋಡಿಸಿ ತಿರುವು ಮಾಡಿ, ವರ್ಷಕ್ಕೊಮ್ಮೆ ಕಾರುಗಳನ್ನು ಓಡಿಸುತ್ತಿದ್ದರು. ಶನಿವಾರ ಅಭ್ಯಾಸ, ಭಾನುವಾರ ರೇಸು. ಭಾವ ತಪ್ಪದೆ ಹೋಗುತ್ತಿದ್ದರು. ಕಾರನ್ನು ಲಾರಿ ಮೇಲೆ ಹೇರಿಕೊಂಡು ಹೋಗುವಷ್ಟು ಅನುಕೂಲ ಯಾರಿಗಿತ್ತು? ಅದೇ ಕಾರಿನಲ್ಲಿ ಹೊಸೂರು, ಕೃಷ್ಣಗಿರಿ ಹಾದು ಹೋಗಬೇಕು, ಅದನ್ನೇ ರೇಸಿಗೆ ಬಿಡಬೇಕು, ಎಂಜಿನ್ ಉಳಿದಿದ್ದರೆ ಅದರಲ್ಲೇ ಮನೆಗೆ ಬರಬೇಕು. ಎಂಜಿನ್ ಉಳಿಯುವುದು ಬಿಡುವುದು ಬಹುಪಾಲು ಎಣ್ಣೆಯ ಕೈಯಲ್ಲಿತ್ತು.

ಎಣ್ಣೆಯ ಡಬ್ಬದ ಮೇಲೆ ಒಂದು ಅಂಕಿ ಇರುತ್ತಿತ್ತು: ಮೂವತ್ತು, ನಲವತ್ತು, ಐವತ್ತು. ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ. ಭಾವ ಇದನ್ನು ವಿವರಿಸಲು ಕಾಗದ ಪೆನ್ಸಿಲ್ ತೆಗೆದುಕೊಂಡು ಸುಮಾರು ಹೊತ್ತು ಕಷ್ಟಪಟ್ಟಿದ್ದರು. ಅಕ್ಕ ಒಗ್ಗರಣೆ ಹಾಕುತ್ತಲೇ ಮುಗಿಸಿದಳು: "ಮೂವತ್ತು ಅಂದ್ರೆ ಸಾರು, ನಲವತ್ತು ಅಂದ್ರೆ ಹುಳಿ, ಐವತ್ತು ಅಂದ್ರೆ ಗೊಜ್ಜು ಕಣೋ. ಇಷ್ಟೇ."

ಇಷ್ಟೇ ಆಗಿದ್ದರೆ ಜಗತ್ತಿನಲ್ಲಿ ಜಗಳವೇ ಇರುತ್ತಿರಲಿಲ್ಲ. ತೆಳು ಎಣ್ಣೆ ಎಂಜಿನ್ನಿನ ಸಂದಿಗೊಂದಿಗೆ ಬೇಗ ನುಗ್ಗುತ್ತದೆ, ಎಂಜಿನ್ ಹಗುರವಾಗಿ ತಿರುಗುತ್ತದೆ. ಆದರೆ ವಿಪರೀತ ಕಾದರೆ ನೀರಾಗಿ, ಲೋಹಕ್ಕೆ ಲೋಹ ತಾಗಿ, ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಮಂದ ಎಣ್ಣೆ ಬಿಸಿಯಲ್ಲೂ ಗಟ್ಟಿ ನಿಲ್ಲುತ್ತದೆ. ಆದರೆ ಬಿಗಿಯಾದ ಹೊಸ ಎಂಜಿನ್ನಿನಲ್ಲಿ ಅದು ಸಲೀಸಾಗಿ ಹರಿಯದೆ, ಕಾಲಿಗೆ ತೊಡರಿಕೊಂಡಂತಾಗಿ ಎಂಜಿನ್ನಿಗೆ ಏದುಸಿರು. ಸವೆದ ಎಂಜಿನ್ನಿಗೆ ಮಂದ, ಬಿಗಿ ಎಂಜಿನ್ನಿಗೆ ತೆಳು. ಬಿಸಿಲಿಗೆ ಮಂದ, ಚಳಿಗೆ ತೆಳು. ಬಿಗಿ ಎಂಜಿನ್ನನ್ನು ಬಿಸಿಲಿಗೆ ಒಯ್ಯುವವನು ಏನು ಮಾಡಬೇಕು? ಧರ್ಮಸಂಕಟ ಅನ್ನುವ ಮಾತು ಹುಟ್ಟಿದ್ದು ಇಂಥ ಕಡೆಯೇ ಇರಬೇಕು.

ನಮ್ಮ ಭಾಷೆಯೂ ಈ ವಿಷಯದಲ್ಲಿ ಸಹಾಯಕ್ಕೆ ಬರುವುದಿಲ್ಲ. ಎಣ್ಣೆ ಅಂದರೆ ಮೂಲದಲ್ಲಿ ಎಳ್ಳಿನ ನೆಯ್, ಎಳ್ಳಿನ ತುಪ್ಪ. ಕಾರಿಗೆ ಹಾಕುವ ಕರೀ ದ್ರವವನ್ನೂ ನಾವು ಎಳ್ಳಿನ ತುಪ್ಪ ಅಂತಲೇ ಕರೆಯುತ್ತಿದ್ದೇವೆ, ಪಾಪ. ಒಮ್ಮೆ ಭಾವ ಕಾರ್ಖಾನೆಯ ಕನ್ನಡ ಸಂಘದ ಸಂಚಿಕೆಗೆ ಲೇಖನ ಬರೆಯಲು ಹೊರಟು, ಎಣ್ಣೆಯ ಮಂದತನಕ್ಕೆ ಶಾಸ್ತ್ರೀಯ ಪದ ಏನು ಅಂತ ನನ್ನನ್ನು ಕೇಳಿದರು. ನಾನು ಪದಕೋಶ ನೋಡಿ 'ಸ್ನಿಗ್ಧತೆ' ಅಂತ ಕೊಟ್ಟೆ. ಲೇಖನ 'ಸ್ನಿಗ್ಧತೆಯ ರಹಸ್ಯಗಳು' ಎಂಬ ಹೆಸರಿನಲ್ಲಿ ಅಚ್ಚಾಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ವಾರ ಅವರನ್ನು ಎಲ್ಲರೂ ಬೇರೆ ಥರ ನೋಡಿದರಂತೆ. ಇಬ್ಬರು ಮದುವೆಯಾಗದ ಹುಡುಗರು ಲೇಖನವನ್ನು ಕೊನೆತನಕ ಓದಿ, ಮೋಸಹೋದೆವು ಅಂತ ದೂರಿದರಂತೆ.

ಗೌರಮ್ಮನವರಿಗೆ ಮಾತ್ರ ಎಣ್ಣೆಯ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಅವರ ಪ್ರಕಾರ ಲೋಕದ ಸಕಲ ಕಾಯಿಲೆಗೂ ಹರಳೆಣ್ಣೆ ಒಂದೇ ಔಷಧ: ತಲೆಗೆ ತಂಪು, ಹೊಟ್ಟೆಗೆ ಶುದ್ಧಿ. ಹಳೆಯ ಕಾಲದ ರೇಸಿನವರು ಎಂಜಿನ್ನಿಗೂ ಹರಳೆಣ್ಣೆಯನ್ನೇ ಬಳಸುತ್ತಿದ್ದರು ಎಂದು ಭಾವ ಒಂದು ದಿನ ಹೇಳಿದ್ದೇ ತಡ, ಆಕೆಯ ಮುಖದಲ್ಲಿ ವಿಜಯದ ಕಳೆ ಬಂತು. ಭಾವ ಎಲ್ಲಿಂದಲೋ ಅಂಥ ರೇಸಿನ ಎಣ್ಣೆಯ ಡಬ್ಬ ತರಿಸಿ ಹಾಕಿಯೂ ಹಾಕಿದರು. ಕಾರು ಬೀದಿಗಿಳಿಯಿತು. ಹೊಗೆಯಲ್ಲಿ ಹರಳೆಣ್ಣೆಯ ಗಮಲು ಬೀದಿಯುದ್ದಕ್ಕೂ ಹಬ್ಬಿತು. ಗೋಲಿ ಆಡುತ್ತಿದ್ದ ಮಕ್ಕಳೆಲ್ಲ ಆಟ ಬಿಟ್ಟು ಓಡಿ ಮನೆಮನೆಗಳಲ್ಲಿ ಬಚ್ಚಿಟ್ಟುಕೊಂಡವು. ಅವಕ್ಕೆ ಆ ವಾಸನೆ ಅಂದರೆ ಭಾನುವಾರ ಬೆಳಿಗ್ಗೆ ಮೂಗು ಹಿಡಿದು ಬಾಯಿಗೆ ಸುರಿಯುವ ಚಮಚ. ಸ್ವಲ್ಪ ಕಾಲದಲ್ಲೇ ಆ ಎಣ್ಣೆ ಎಂಜಿನ್ನಿನೊಳಗೆ ಅಂಟುಗಟ್ಟಿತು. ಭಾವ ಎಲ್ಲ ಬಿಚ್ಚಿ ತೊಳೆದು, ಮತ್ತೆ ನಲವತ್ತರ ಡಬ್ಬಕ್ಕೆ ಮರಳಿದರು. ಅದೇ ಅವರ ಎಣ್ಣೆ. ನಾನು ನೋಡಿದ ಅಷ್ಟೂ ವರ್ಷ ರೇಸಿಗೆ ನಲವತ್ತೇ.

ಹೀಗಿರುವಾಗ ಭಾವನ ಕಣ್ಣು ಕೈಕೊಟ್ಟಿತು.

ಮೊದಲು ನಮಗೆ ಗೊತ್ತೇ ಆಗಲಿಲ್ಲ. ಹಿತ್ತಲಲ್ಲಿಟ್ಟ ಬಕೆಟ್ ಎಡವಿದರು. ಯಾರೋ ಅಡ್ಡ ಇಟ್ಟಿದ್ದಾರೆ ಅಂದರು. ಪಕ್ಕದಿಂದ ಬಂದು ಮಾತಾಡಿಸಿದರೆ ಬೆಚ್ಚುತ್ತಿದ್ದರು. ಒಂದು ಸಂಜೆ ಸಾರಕ್ಕಿ ಕೆರೆಯ ಹತ್ತಿರ ಎಡಗಡೆಯಿಂದ ಎಮ್ಮೆಗಳ ಸಾಲು ರಸ್ತೆ ದಾಟಲು ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕ "ರೀ, ರೀ!" ಅಂತ ಕೂಗಿಕೊಂಡಳು. ಭಾವ ಬ್ರೇಕ್ ಒತ್ತಿದಾಗ ಮುಂದಿನ ಎಮ್ಮೆಯ ಮೂತಿ ಬಾನೆಟ್ಟಿನ ಮೇಲಿತ್ತು. ಎಮ್ಮೆಗೂ ಕಾರಿಗೂ ಏನೂ ಆಗಲಿಲ್ಲ. ಭಾವ ಎಂಜಿನ್ ಆರಿಸಿದರು. ಆಮೇಲೆ "ನಂಗೆ ಅದು ಕಾಣ್ಲೇ ಇಲ್ಲ ಗಿರಿಜಾ" ಅಂದರು.

ಕಣ್ಣಿನ ಡಾಕ್ಟರು ನೋಡಿ ಹೇಳಿದರು: ನೇರ ನೋಟ ಚೆನ್ನಾಗಿದೆ, ಅಕ್ಕಪಕ್ಕದ ನೋಟ ಕುಗ್ಗುತ್ತಿದೆ. ಔಷಧಿ ಬಿಟ್ಟುಕೊಂಡರೆ ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಕಾರು ಓಡಿಸುವುದು ಬೇಡ. ರೇಸಿನ ಮಾತಂತೂ ಎತ್ತಲೇಬೇಡಿ.

ಭಾವ ಜಗಳವಾಡುವ ಜಾತಿಯವರಲ್ಲ. ಮರುದಿನದಿಂದ ಬಸ್ಸಿನಲ್ಲಿ ಕಾರ್ಖಾನೆಗೆ ಹೋದರು. ಸಂಜೆ ಬಂದು ಮಾಮೂಲಿನಂತೆ ಗ್ಯಾರೇಜಿಗೆ ಹೋಗಿ ಲೈಟು ಹಾಕಿಕೊಂಡು, ಆ ವರ್ಷದ ರೇಸಿಗಾಗಿ ಬಿಚ್ಚಿಟ್ಟಿದ್ದ ಎಂಜಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಹೊಸ ಬೇರಿಂಗುಗಳನ್ನು ಬಟ್ಟೆಯಲ್ಲಿ ಒರೆಸುವುದು, ಮತ್ತೆ ಕಾಗದದಲ್ಲಿ ಸುತ್ತಿಡುವುದು. ಯಾರಿಗಾಗಿ ಜೋಡಿಸುವುದು ಅಂತ ಅವರು ಕೇಳಲಿಲ್ಲ, ನಾವು ಯಾರೂ ಹೇಳಲಿಲ್ಲ. ಊಟಕ್ಕೆ ಕರೆಯಲು ಹೋದರೆ "ಬಂದೆ ಶಂಕರ" ಅನ್ನುತ್ತಿದ್ದರು, ಬರುತ್ತಿರಲಿಲ್ಲ.

ಒಂದು ದಿನ ಅಕ್ಕ ಪರೀಕ್ಷೆಯ ಪೇಪರು ತಿದ್ದುವುದನ್ನು ನಿಲ್ಲಿಸಿ, ಪೆನ್ನಿಗೆ ಕ್ಯಾಪು ಹಾಕಿ, ಗ್ಯಾರೇಜಿಗೆ ಹೋದಳು. ನಾನು ಬಾಗಿಲಲ್ಲಿದ್ದೆ.

"ಎಂಜಿನ್ ಜೋಡ್ಸಿ" ಅಂದಳು.

"ಯಾರಿಗೆ?"

"ನಂಗೆ. ನಾನು ಓಡಿಸ್ತೀನಿ."

ಭಾವ ನಕ್ಕರು. ಅಕ್ಕ ನಗಲಿಲ್ಲ. ಆಗ ಅವರೂ ನಿಲ್ಲಿಸಿದರು. ಅಕ್ಕ ಕಾರು ಓಡಿಸಲು ಕಲಿತು ವರ್ಷಗಳಾಗಿದ್ದವು, ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ತರಕಾರಿ ತರಲು ಅವಳೇ ಹೋಗುತ್ತಿದ್ದಳು. ರೇಸಿಗೆ ಹೋದಾಗಲೆಲ್ಲ ಜೊತೆಯಲ್ಲಿರುತ್ತಿದ್ದಳು. ತರಕಾರಿಗೂ ರೇಸಿಗೂ ದೂರ ಬಹಳ. ಆದರೆ ಲೆಕ್ಕದ ಮೇಡಂ ಹಟ ಹಿಡಿದರೆ ಉತ್ತರ ಬರುವವರೆಗೆ ಬಿಡುವುದಿಲ್ಲ ಅನ್ನುವುದು ಅವಳ ವಿದ್ಯಾರ್ಥಿನಿಯರಿಗೆಲ್ಲ ಗೊತ್ತಿದ್ದ ಸಂಗತಿ.

ಗೌರಮ್ಮನವರು ಏನನ್ನುತ್ತಾರೋ ಅಂತ ನಾನು ಹೆದರಿದ್ದೆ. ಅವರು ಹೂಬತ್ತಿ ಹೊಸೆಯುತ್ತಲೇ ಅಂದರು: "ಅವನು ಓಡಿಸ್ದಾಗ್ಲೂ ನಾನು ದೇವರ ಮುಂದೆ ಕೂತಿರ್ತಿದ್ದೆ. ಇವಳು ಓಡಿಸಿದ್ರೂ ಕೂತಿರ್ತೀನಿ. ನನ್ನ ಕೆಲ್ಸ ಏನೂ ಬದಲಾಗಲ್ವಲ್ಲ."

ಭಾವ ಎಂಜಿನ್ ಜೋಡಿಸಿ ಕಾರನ್ನು ಬೀದಿಗಿಳಿಸಿದರು. ಅಭ್ಯಾಸಕ್ಕೆ ಕುಮಾರಸ್ವಾಮಿ ಲೇಔಟು ಹೇಳಿ ಮಾಡಿಸಿದಂತಿತ್ತು. ಆಗಿನ್ನೂ ಅಲ್ಲಿ ಟಾರು ಹಾಕಿದ ರಸ್ತೆಗಳಿದ್ದವು, ಸೈಟುಗಳ ಕಲ್ಲುಗಳಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ಭಾನುವಾರ ಬೆಳಕು ಹರಿಯುತ್ತಲೇ ಅಕ್ಕ ಸ್ಟೀರಿಂಗ್ ಹಿಡಿದು, ಭಾವ ಪಕ್ಕದಲ್ಲಿ ಕೂತು ಹೊರಡುತ್ತಿದ್ದರು. ನನ್ನ ಕೆಲಸ ಕೊಡೆ ಬಿಚ್ಚಿಕೊಂಡು ತಿರುವಿನಲ್ಲಿ ಗುರುತಾಗಿ ನಿಲ್ಲುವುದು. ಪಂಪನ ಮೇಲೆ ಒಂದು ಗಂಟೆ ಮಾತಾಡಬಲ್ಲ ಮನುಷ್ಯ ಕೊಡೆ ಹಿಡಿದು ಖಾಲಿ ಬೀದಿಯ ಮೂಲೆಯಲ್ಲಿ ನಿಂತಿದ್ದರೆ ಹಾಲಿನವನಿಗೆ ಏನನ್ನಿಸಬೇಡ? "ಸಾರ್, ಬಸ್ಸು ಈ ಕಡೆ ಬರಲ್ಲ" ಅಂತ ಆತ ಕನಿಕರದಿಂದ ಹೇಳಿಹೋಗುತ್ತಿದ್ದ.

ಭಾವ ಒಳ್ಳೆಯ ಗುರು. ಯಾವಾಗ ಬ್ರೇಕು, ಯಾವಾಗ ಗೇರು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು, ಎಲ್ಲ ಹೇಳಿಕೊಟ್ಟರು. ಮಧ್ಯೆ ಮಧ್ಯೆ ಗೊಟ್ಟಿಗೆರೆಯ ತನಕ ಬನ್ನೇರುಘಟ್ಟ ರಸ್ತೆಯಲ್ಲಿ ಅಕ್ಕನ ಕೈಲೇ ಓಡಿಸಿ ಹೊಸ ಬೇರಿಂಗು ಹದಕ್ಕೆ ತಂದರು. ಎಲ್ಲ ಸುಗಮವಾಗಿತ್ತು, ಎಣ್ಣೆಯ ಮಾತು ಬರುವ ತನಕ.

ಹೊರಡುವ ಹಿಂದಿನ ದಿನ ಅಕ್ಕ ಗ್ಯಾರೇಜಿನಲ್ಲಿ ಹೊಸ ಡಬ್ಬ ನೋಡಿದಳು. ತಿರುಗಿಸಿ ಅಂಕಿ ಓದಿದಳು.

"ಇದೇನ್ರೀ, ಐವತ್ತು?"

"ಮದರಾಸಿನ ಬಿಸಿಲು ಗಿರಿಜಾ. ಮಂದ ಇರ್ಲಿ."

"ಮದರಾಸಿನ ಬಿಸಿಲು ಈ ವರ್ಷ ಹುಟ್ಟಿದ್ದಾ? ನೀವು ಓಡಿಸೋವಾಗ ನಲವತ್ತು, ನಾನು ಓಡಿಸೋವಾಗ ಐವತ್ತಾ?"

"ಹಾಗಲ್ಲ. ಹೊಸ ಎಂಜಿನ್ನು, ಯಾಕೆ ರಿಸ್ಕು..."

"ಹೊಸ ಎಂಜಿನ್ನು ಬಿಗಿ ಇರತ್ತೆ, ಅದಕ್ಕೆ ಮಂದ ಎಣ್ಣೆ ಬೇಡ ಅಂತ ಹೇಳ್ಕೊಟ್ಟೋರು ಯಾರು?"

ಹೇಳಿಕೊಟ್ಟವರು ಡಬ್ಬದ ಮುಚ್ಚಳ ಒರೆಸತೊಡಗಿದರು. ಅಕ್ಕ ಒಳಗೆ ಹೋದಳು. ನಮ್ಮಲ್ಲಿ ಆಗದವರನ್ನು ಎಣ್ಣೆ ಸೀಗೆಕಾಯಿ ಅನ್ನುತ್ತಾರೆ. ಅವರಿಬ್ಬರು ಹಾಗೆ ಇದ್ದದ್ದನ್ನು ನಾನು ಅದೊಂದೇ ಸಂಜೆ ನೋಡಿದ್ದು. ಊಟದ ಹೊತ್ತಿನಲ್ಲಿ "ಅವ್ರಿಗೆ ಮಜ್ಜಿಗೆ ಬೇಕಾ ಕೇಳು" ಅಂತ ಅಕ್ಕ ನನಗೆ, "ಸಾಕು ಅಂತ ಹೇಳು" ಅಂತ ಭಾವ ನನಗೆ. ಎದುರುಬದುರು ಕೂತ ಇಬ್ಬರ ನಡುವೆ ನಾನು ಅಂಚೆಯವನಾಗಿ ಮಜ್ಜಿಗೆ ಸಾಗಿಸಿದೆ. ಕೊನೆಗೆ ಐವತ್ತರ ಎಣ್ಣೆಯೇ ಎಂಜಿನ್ನಿಗೆ ಹೋಯಿತು. ಅಕ್ಕ ತಡೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಗೌರಮ್ಮನವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟು, ಸೊಸೆಯ ಹಣೆಗೆ ವಿಭೂತಿ ಇಟ್ಟರು. ಆಮೇಲೆ ಬಾನೆಟ್ಟಿಗೂ ಇಟ್ಟರು. ಹಿಂದೆ ಜಮಖಾನದ ಕೆಳಗೆ ಏನೋ ಗಟ್ಟಿಯಾದದ್ದು ಒತ್ತುತ್ತಿತ್ತು. ಜ್ಯಾಕ್ ಇರಬೇಕು ಅಂದುಕೊಂಡು ಆಂಬೂರಿನ ತನಕ ಎಡಗಡೆ, ಆಂಬೂರಿನಿಂದ ಮುಂದೆ ಬಲಗಡೆ ವಾಲಿಕೊಂಡು ಕೂತೆ.

ಶನಿವಾರದ ಅಭ್ಯಾಸಕ್ಕೆ ಅಕ್ಕ ಸಲ್ವಾರ್ ಕಮೀಜಿನ ಮೇಲೆ ಭಾವನ ಹಳೆಯ ಹೆಲ್ಮೆಟ್ ಹಾಕಿಕೊಂಡಳು. ಅಕ್ಕಪಕ್ಕದ ಹುಡುಗರು ಮೊದಲು ಮುಸಿಮುಸಿ ನಕ್ಕರು. ಒಬ್ಬ "ಆಂಟಿ, ಮೆಲ್ಲಗೆ ಹೋಗಿ" ಅಂತ ಕನ್ನಡದಲ್ಲೇ ಉಪದೇಶ ಮಾಡಿದ, ನಮ್ಮ ಬೆಂಗಳೂರಿನವನೇ. ಅಕ್ಕ "ಆಯ್ತಪ್ಪ" ಅಂದು ಹೋದಳು.

ಭಾವ ತಂತಿಬೇಲಿಯ ಹತ್ತಿರ ನಿಂತರು. ನೇರ ಎದುರಿಗೆ ಬಂದಾಗ ಮಾತ್ರ ಅವರಿಗೆ ಕಾರು ಕಾಣುತ್ತಿತ್ತು. ಒಮ್ಮೆ ನೋಟದಿಂದ ಜಾರಿದರೆ ಮತ್ತೆ ಹುಡುಕಿ ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕೆ ನಾನು ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ: "ಈಗ ಆ ತುದಿ ಮುಟ್ಟಿದ್ಲು ಭಾವ... ಈಗ ತಿರುಗಿದ್ಲು..." ಅವರು ಕೇಳಿಸಿಕೊಳ್ಳುತ್ತಿದ್ದದ್ದು ನನ್ನ ಮಾತನ್ನಲ್ಲ. ತಲೆ ಸ್ವಲ್ಪ ಓರೆಮಾಡಿ, ಅಷ್ಟೊಂದು ಕಾರುಗಳ ಗದ್ದಲದಲ್ಲಿ ತಾವೇ ಜೋಡಿಸಿದ ಎಂಜಿನ್ನಿನ ದನಿಯನ್ನು ಹುಡುಕಿ ಹಿಡಿದಿದ್ದರು. "ಮೇಲಕ್ಕೆ ಹೋಗ್ತಿಲ್ಲ" ಅಂದರು ಮೆಲ್ಲಗೆ. "ಶ್ರುತಿ ಮೇಲಕ್ಕೆ ಹೋಗ್ತಿಲ್ಲ ಶಂಕರ."

ನಿಜ. ನೇರ ರಸ್ತೆಯಲ್ಲಿ ಅಕ್ಕನ ಕಾರು ಹಿಂದೆ ಬೀಳುತ್ತಿತ್ತು. ಹಿಂದಿನಿಂದ ಬಂದವರು ಎಡಗಡೆ ಒಬ್ಬ, ಬಲಗಡೆ ಒಬ್ಬ ನುಗ್ಗಿ ಮುಂದೆ ಹೋಗುತ್ತಿದ್ದರು. ಹಾಗೆ ನುಗ್ಗಿದ ಒಂದು ಕಾರು, ಆ ತುದಿಯ ತಿರುವಿನ ಹತ್ತಿರ, ಅಕ್ಕನ ಮುಂದಕ್ಕೆ ಅಡ್ಡ ಬಂತು. ಟೈರುಗಳು ಕಿರುಚಿದವು. ಧೂಳು ಎದ್ದಿತು. ನನಗೆ ಏನೂ ಕಾಣಲಿಲ್ಲ.

"ಏನಾಯ್ತು?" ಅಂದರು ಭಾವ. ನನ್ನ ತೋಳು ಹಿಡಿದಿದ್ದರು. "ಏನಾಯ್ತು ಶಂಕರ? ಹೇಳು!"

ಜೀವನವಿಡೀ ಮಾತನ್ನೇ ನಂಬಿ ಬದುಕಿದವನಿಗೆ ಆ ಹೊತ್ತಿನಲ್ಲಿ ಒಂದು ಶಬ್ದ ಸಿಗಲಿಲ್ಲ. ಭಾವ ನನ್ನನ್ನು ಬಿಟ್ಟು ಬೇಲಿಗೆ ಎದೆಯೊತ್ತಿ ನಿಂತರು. ಆಮೇಲೆ ಅವರೇ ಉಸಿರು ಬಿಟ್ಟರು. "ಬರ್ತಿದಾಳೆ" ಅಂದರು. ಅವರಿಗೆ ಎಂಜಿನ್ ಕೇಳಿಸಿತ್ತು. ಧೂಳಿನಿಂದ ಕಾರು ಹೊರಬಂದದ್ದು ನನಗೆ ಕಂಡಿದ್ದು ಅದಾದ ಮೇಲೆ.

ಅಕ್ಕ ಬಂದು ಕಾರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೀರು ಕುಡಿದಳು. ಮುಖ ಕೆಂಪಾಗಿತ್ತು. ಕಾರಿನ ನೆರಳಲ್ಲಿ ಹಾಸಿದ ಚಾಪೆಯ ಮೇಲೆ ಕೂತು ಹೋಟೆಲಿನಿಂದ ತುಂಬಿಸಿ ತಂದಿದ್ದ ಮೊಸರನ್ನದ ಡಬ್ಬಿ ತೆಗೆದಳು. ಭಾವ ಬಂದು ಪಕ್ಕದಲ್ಲಿ ಕೂತರು.

"ಐವತ್ತು ಹಾಕಿದ್ರೆ ಕಾರು ನಿಧಾನ ಆಗತ್ತೆ ಅಂತ ನಂಗೆ ಗೊತ್ತಿತ್ತು" ಅಂದರು. "ಅದಕ್ಕೇ ಹಾಕ್ದೆ."

"ನಂಗೂ ಗೊತ್ತಿತ್ತು" ಅಂದಳು ಅಕ್ಕ. "ಅದಕ್ಕೇ ಸುಮ್ನಿದ್ದೆ."

ಅವಳು ಒಂದು ತುತ್ತು ಮೊಸರನ್ನ ಕಲಸಿದಳು.

"ನಿಮ್ಗೆ ಭಯ ಆಗಿದ್ರೆ ಭಯ ಅಂತ ಹೇಳ್ಬೇಕು. ಎಣ್ಣೆ ಮೇಲೆ ಯಾಕೆ ಹಾಕ್ತೀರಿ? ನೀವು ಓಡಿಸ್ದಾಗ ನಂಗೆ ಭಯ ಆಗ್ತಿರ್ಲಿಲ್ಲ ಅಂದ್ಕೊಂಡಿದೀರಾ? ಇದೇ ಬೇಲಿ ಹತ್ರ ನಿಂತು ನಿಂತು ನಂಗೆ ಸಾಕಾಗಿದೆ. ಆದ್ರೂ ನಿಮ್ಮ ಟ್ಯಾಂಕಿಗೆ ನಾನೇನೂ ನೀರು ಸುರೀಲಿಲ್ವಲ್ಲ!" ಅವಳು ಡಬ್ಬಿ ಪಕ್ಕಕ್ಕೆ ಸರಿಸಿದಳು. "ಎಲ್ರೂ ಜೋರಾಗಿ ಹೋಗೋ ಕಡೆ ನಿಧಾನವಾದ ಕಾರೇ ಅಪಾಯ. ಇವತ್ತು ನೋಡಿದ್ರಲ್ಲ."

"ನೋಡ್ಲಿಲ್ಲ" ಅಂದರು ಭಾವ. "ಕೇಳಿಸ್ಕೊಂಡೆ."

ಅಕ್ಕ ತುತ್ತು ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು. ಅಷ್ಟು ಜನರ ಮಧ್ಯೆ, ಹಾಡುಹಗಲಲ್ಲಿ, ನಮ್ಮ ಮನೆಯವರು ಹಾಗೆಲ್ಲ ಮಾಡುವುದಿಲ್ಲ. ಕಾರಿನ ಬಾಗಿಲಿಗೆ ಒರಗಿ ಕೂತಿದ್ದ ನಾನು ಆಕಾಶ ನೋಡಿದೆ. ನೋಡುವಂಥದ್ದು ಅಲ್ಲೇನೂ ಇರಲಿಲ್ಲ.

"ಶಂಕರ, ಸ್ವಲ್ಪ ಏಳಪ್ಪ" ಅಂದರು ಭಾವ ಆಮೇಲೆ. ಕಾರಿನ ಹಿಂಭಾಗದ ಜಮಖಾನದ ಕೆಳಗಿನಿಂದ ಟವಲಿನಲ್ಲಿ ಸುತ್ತಿದ ಒಂದು ಡಬ್ಬ ಹೊರಗೆ ತೆಗೆದರು. ನಲವತ್ತು. ಜ್ಯಾಕ್ ಅಂದುಕೊಂಡು ನಾನು ಬೆಂಗಳೂರಿನಿಂದ ಕೂತು ಬಂದದ್ದು ಅದರ ಮೇಲೆ. ಅಕ್ಕ ಡಬ್ಬ ನೋಡಿದಳು, ಗಂಡನ ಮುಖ ನೋಡಿದಳು, ಕಣ್ಣಲ್ಲಿ ನೀರಿಟ್ಟುಕೊಂಡೇ ನಗತೊಡಗಿದಳು. "ತಂದಿದ್ರಾ! ತಂದೂ ಬಾಯಿ ಬಿಡ್ಲಿಲ್ವಾ!"

"ಧೈರ್ಯ ಬಂದ್ರೆ ಇರ್ಲಿ ಅಂತ ತಂದಿದ್ದೆ" ಅಂದರು ಭಾವ.

ಅವರು ಕಾರಿನ ಕೆಳಗೆ ಮಲಗಿ ಕಾದ ಎಣ್ಣೆಯನ್ನು ಇಳಿಸಿದರು. ಬಾಣಲೆಗೆ ಅದು ಕಪ್ಪಗೆ, ಸೋಮಾರಿಯಾಗಿ ಸುರಿಯಿತು. ಹೊಸ ಎಣ್ಣೆ ಹಾಕಿ, ಎಂಜಿನ್ ಶುರುಮಾಡಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎದ್ದು ನಿಂತು ಶಿಷ್ಯೆಗೆ ಪಾಠ ಹೇಳಿದರು: "ಬಿಸಿಲಿಗೆ ಇದು ತೆಳ್ಳಗಾಗತ್ತೆ, ಅದು ಸುಳ್ಳಲ್ಲ. ಎಣ್ಣೆ ಪ್ರೆಶರಿನ ಮುಳ್ಳಿನ ಮೇಲೆ ಒಂದು ಕಣ್ಣಿರ್ಲಿ. ಉದ್ದ ತಿರುವಲ್ಲಿ ಅದು ನಡುಗಿದ್ರೆ ಆಕ್ಸಿಲರೇಟರಿಂದ ಕಾಲು ಸ್ವಲ್ಪ ಎತ್ತು. ಎಷ್ಟು ಎತ್ಬೇಕು, ಯಾವಾಗ ಎತ್ಬೇಕು ಅಂತ ನೀನೇ ನೋಡ್ಕೋ. ಒಳಗೆ ಇರೋಳು ನೀನು."

ಭಾನುವಾರದ ರೇಸನ್ನು ನಾನು ವರ್ಣಿಸಿದರೆ ಅದು ಮಹಾಕಾವ್ಯದ ಯುದ್ಧವರ್ಣನೆಯಾಗುತ್ತದೆ, ಅಷ್ಟಕ್ಕೆ ತಕ್ಕ ಫಲವೂ ಇಲ್ಲ. ಅಕ್ಕ ಗೆಲ್ಲಲಿಲ್ಲ. ಮೊದಲ ಮೂವರಲ್ಲೂ ಬರಲಿಲ್ಲ. ಆದರೆ ನೇರ ರಸ್ತೆಯಲ್ಲಿ ಕಾರು ಹೋದ ಹಾಗೆ ಭಾವನ ಗಲ್ಲ ಮೇಲಕ್ಕೆ ಎದ್ದದ್ದನ್ನು ನಾನು ನೋಡಿದೆ. ಶ್ರುತಿ ಮುಟ್ಟಬೇಕಾದ ಕಡೆ ಮುಟ್ಟಿತ್ತು. ಮಧ್ಯದಲ್ಲಿ ಒಮ್ಮೆ, ಉದ್ದ ತಿರುವಿನ ಹತ್ತಿರ, ಎಂಜಿನ್ನಿನ ದನಿ ಇಳಿಯಿತು. ಮತ್ತೆ ಏರಿತು. ಮುಂದಿನ ಸುತ್ತಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ಇಳಿಯಿತು, ಏರಿತು. "ಮುಳ್ಳು ನಡುಗ್ತಿದೆ" ಅಂದರು. "ಕಾಲು ಎತ್ತುತ್ತಿದಾಳೆ. ಸರಿಯಾಗಿ ಎತ್ತುತ್ತಿದಾಳೆ ಕಣೋ!" ಆ ಒಂದು ತಿರುವಿನಲ್ಲಿ ಕಾಲೆತ್ತದ ಇಬ್ಬರ ಎಂಜಿನ್ನು ಆ ದಿನ ಹೋಯಿತು. ಅವರಲ್ಲಿ ಒಬ್ಬ ಮೆಲ್ಲಗೆ ಹೋಗಿ ಅಂತ ಉಪದೇಶ ಮಾಡಿದ್ದ ಹುಡುಗ. ಅಕ್ಕ ಅವನಿಗೆ ಆ ಬೆಳಿಗ್ಗೆ ಹೋಟೆಲಿನಲ್ಲಿ ಕಟ್ಟಿಸಿದ್ದ ಚಿತ್ರಾನ್ನ ಕೊಟ್ಟು ಸಮಾಧಾನ ಮಾಡಿದಳು. ಅವನು ಮೂಗು ಸೇದುತ್ತಾ ತಿಂದ.

ಮನೆಗೆ ವಾಪಸು ಬರುವಾಗಲೂ ಅಕ್ಕನೇ ಸ್ಟೀರಿಂಗಿನಲ್ಲಿ. ವೆಲ್ಲೂರು ದಾಟಿದ ಮೇಲೆ ಭಾವ ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ನಾನು ಏನೋ ಹೇಳಲು ಹೋದಾಗ ಅಕ್ಕ ಬೆರಳು ತುಟಿಗಿಟ್ಟಳು. ಹಳ್ಳ ಬಂದ ಕಡೆಯೆಲ್ಲ ಅವಳು ಕಾರನ್ನು ನಿಧಾನ ಮಾಡಿ, ತೊಟ್ಟಿಲು ಇಳಿಸುವ ಹಾಗೆ ಇಳಿಸಿ ದಾಟಿಸಿದಳು. ಹಿಂದೆ ಕೂತ ನನಗೂ ಅದರ ಪ್ರಯೋಜನ ಸಿಕ್ಕಿತು.

ಸುದ್ದಿ ಬೀದಿಯಲ್ಲಿ ಹಬ್ಬಿ, ಭಾವ ದೊಡ್ಡ ಎಣ್ಣೆಪಂಡಿತರು ಅಂತ ಹೆಸರಾಯಿತು. ಕಾರು, ಸ್ಕೂಟರು ಇದ್ದವರೆಲ್ಲ ಸಲಹೆಗೆ ಬರತೊಡಗಿದರು. ಒಂದು ಸಂಜೆ ಜೆ.ಪಿ. ನಗರದಿಂದ ಒಬ್ಬ ರಿಟೈರಾದ ಹಿರಿಯರು ಬಂದರು. ಮನೆಗೆ ಕಾರು ತೆಗೆದುಕೊಂಡಿದ್ದರಂತೆ. ಕಾಫಿ ಕುಡಿದು ಕೇಳಿದರು: "ನಮ್ಮ ಗಾಡಿಗೆ ಯಾವ ಎಣ್ಣೆ ಹಾಕಿದ್ರೆ ಒಳ್ಳೇದು ಸಾರ್? ಸ್ವಲ್ಪ ಮಂದದ್ದೇ ಹೇಳಿ. ಸೇಫಾಗಿರ್ಬೇಕು."

"ಗಾಡಿ ಓಡಿಸೋರು ಯಾರು?" ಅಂದರು ಭಾವ.

"ನನ್ನ ಮಗಳು. ಈಗಷ್ಟೇ ಕಲ್ತಿದಾಳೆ. ಅದಕ್ಕೇ ಕೇಳ್ತಿರೋದು."

ಭಾವ ಲೋಟ ಕೆಳಗಿಟ್ಟರು. ಹಿರಿಯರು ಅಂಕಿಗಾಗಿ ಕಾಯುತ್ತಿದ್ದರು.

"ಹಾಗಿದ್ರೆ ನನ್ನ ಯಾಕೆ ಕೇಳ್ತೀರಿ ಯಜಮಾನ್ರೇ?" ಅಂದರು. "ನಾಳೆ ಅವಳನ್ನೇ ಕರ್ಕೊಂಡು ಬನ್ನಿ."